ನಾಲ್ಕು ತಿಂಗಳ ಮಗುವಿನ ಕಣ್ಣಲ್ಲಿ ನೀರು, ಬೆಳಕು ಕಂಡರೆ ಅಳು: ಬಸುರಿಯಲ್ಲಿ ಊಟ ಸೇರದ್ದಕ್ಕಾ?

ತೀರ್ಥಹಳ್ಳಿ_ತೋಟ:
ಪುಟ್ಟಿಯ ಎರಡೂ ಕಣ್ಣಲ್ಲಿ ಸದಾ ನೀರು. ಅಡಿಕೆ ಹರವಿದ ಅಂಗಳಕ್ಕೆ ಎತ್ತಿಕೊಂಡು ಬಂದರೆ ಕಣ್ಣು ಬಿಗಿಯಾಗಿ ಮುಚ್ಚಿ ನನ್ನ ಹೆಗಲಿಗೆ ಮುಖ ಒತ್ತಿಕೊಳ್ಳುತ್ತಾಳೆ. ಕಪ್ಪುಗುಡ್ಡೆ ದೊಡ್ಡದು, ನೋಡಿದವರೆಲ್ಲ ಚೆಂದ ಅಂತಾರೆ. ಈಗೀಗ ಅದರ ಮೇಲೆ ಮಬ್ಬು. ಮೂಗಿನ ಪಕ್ಕ ತಿಕ್ಕಿದರೆ ಸರಿಹೋಗುತ್ತೆ ಅಂದರು, ಹೋಗಿಲ್ಲ. ಸಂಕೀರ್ಣ ಕಾರ್ಬೋಹೈಡ್ರೇಟ್ ಕೊರತೆಯಿಂದ ಹುಟ್ಟುತ್ತಲೇ ಗ್ಲಾಕೋಮಾ (ಕಣ್ಣೊಳಗಿನ ಒತ್ತಡ ಏರಿ ದೃಷ್ಟಿ ಹಾಳಾಗುವ ಕಾಯಿಲೆ) ಬರುತ್ತೆ ಅಂತ ಓದಿ ಹೆಂಡತಿ ಅಳುತ್ತಿದ್ದಾಳೆ. ಬಸುರಿಯಲ್ಲಿ ಗಂಜಿ ಬಿಟ್ಟು ಏನೂ ಸೇರುತ್ತಿರಲಿಲ್ಲ. ಈಗ ರಾಗಿ ಕೊಡಬಹುದಾ?

ಸಾಗರ_ಆಪ್ಟೋಮೆಟ್ರಿಸ್ಟ್:
ಅಣ್ಣಾ, ಅತ್ತಿಗೆಗೆ ಮೊದಲು ಇದನ್ನು ಹೇಳಿ: ಅವರ ಊಟದಿಂದ ಇದು ಬಂದದ್ದಲ್ಲ. ರಾಗಿ, ಅನ್ನದ ಪಿಷ್ಟ ಹೊಟ್ಟೆಯಲ್ಲಿ ಗ್ಲೂಕೋಸ್ ಆಗಿ ಒಡೆಯುತ್ತದೆ. ಅವರು ಓದಿದ ಸಂಕೀರ್ಣ ಕಾರ್ಬೋಹೈಡ್ರೇಟ್ ಊಟದ್ದಲ್ಲ, ಹೆಪರಾನ್ ಸಲ್ಫೇಟ್ ಇರಬೇಕು. ಅದು ಜೀವಕೋಶಗಳು ತಾವೇ ಹೆಣೆದು ಮೈಮೇಲೆ ಇಟ್ಟುಕೊಳ್ಳುವ ಉದ್ದನೆಯ ಸಕ್ಕರೆ ಸರಪಳಿ. ಗರ್ಭದಲ್ಲಿ ಕಣ್ಣಿನ ಮುಂಭಾಗ ಕಟ್ಟಲು ವಲಸೆ ಬರುವ ಕೋಶಗಳಿಗೆ ಟಿಜಿಎಫ್-ಬೀಟಾ 2 ಎಂಬ ಸಂಕೇತ ಸರಿಯಾಗಿ ಮುಟ್ಟಲು ಅದು ಬೇಕು. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲಿಯ ಆ ಕೋಶಗಳಲ್ಲಿ ಸರಪಳಿ ಹೆಣೆಯುವ ಎಕ್ಸ್‌ಟಿ1 ಜೀನ್ ತೆಗೆದಾಗ ಕಣ್ಣಿನ ಮುಂಭಾಗವೇ ವಿರೂಪವಾಯಿತು. ಮಕ್ಕಳಲ್ಲಿ ಹೆಚ್ಚಾಗಿ ಸಿಗುವುದು ಬೇರೆ ಜೀನ್, ಸಿವೈಪಿ1ಬಿ1, ಅದರ ದೋಷ. ಕಣ್ಣೊಳಗಿನ ದ್ರವ ಹೊರಹೋಗುವ ಜಾಲರಿ ಸರಿಯಾಗಿ ಬೆಳೆಯದೆ ಒತ್ತಡ ಏರುತ್ತದೆ. ಮಗುವಿನ ಕಣ್ಣು ಮೆತ್ತಗಿರುವುದರಿಂದ ಹಿಗ್ಗುತ್ತದೆ. ಎಲ್ಲರೂ ಮೆಚ್ಚುವ ಆ ದೊಡ್ಡ ಕಣ್ಣೇ ನನಗೆ ಹೆದರಿಕೆ ತರಿಸುತ್ತಿದೆ.

ಕಣ್ಣೀರಿನ ನಾಳ ಕಟ್ಟಿದ್ದರೆ ಗೀಜು ಬರುತ್ತದೆ, ಬೆಳಕಿಗೆ ಹೀಗೆ ಮುಖ ಮುಚ್ಚುವುದಿಲ್ಲ, ಮಬ್ಬೂ ಬರುವುದಿಲ್ಲ. ನಾಳೆಯೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಿ. ಒತ್ತಡ ಅಳೆಯಲು, ಕಾರ್ನಿಯಾದ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ) ಅಗಲ ನೋಡಲು ಹೇಳಿ. ಹುಟ್ಟಿದಾಗ ಅದು ಸುಮಾರು 10 ಮಿಲಿಮೀಟರ್. ವರ್ಷ ತುಂಬುವ ಮೊದಲೇ 12 ದಾಟಿದರೆ ಗ್ಲಾಕೋಮಾ ಅನುಮಾನಿಸಲೇಬೇಕು. ಅಗತ್ಯವಿದ್ದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಬರೆದುಕೊಡುತ್ತಾರೆ. ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ, ಹನಿ ಔಷಧಿ ಅಲ್ಲಿಯ ತನಕದ ಆಸರೆ. ರಾಗಿ ಈಗ ಬೇಡ, ಆರು ತಿಂಗಳ ತನಕ ಎದೆಹಾಲೇ ಸಾಕು.

ತೀರ್ಥಹಳ್ಳಿ_ತೋಟ:
ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ಹೆಂಡತಿ ನನ್ನ ಸೋದರಮಾವನ ಮಗಳು. ಮುಂದಿನ ಮಗುವಿಗೂ ಬರುತ್ತಾ?

ಸಾಗರ_ಆಪ್ಟೋಮೆಟ್ರಿಸ್ಟ್:
ಇಬ್ಬರಲ್ಲೂ ಒಂದೇ ಜೀನ್ ದೋಷ ಅಡಗಿದ್ದರೆ ಪ್ರತಿ ಬಸುರಿಗೂ 4ರಲ್ಲಿ 1 ಸಾಧ್ಯತೆ. ಸಂಬಂಧದಲ್ಲಿ ಮದುವೆಯಾದ ವಿಷಯ ಡಾಕ್ಟರಿಗೆ ಮರೆಯದೆ ಹೇಳಿ, ಜೀನ್ ಪರೀಕ್ಷೆ ಬಗ್ಗೆ ಕೇಳಿ. ತಾಯಿ ಕಾರ್ಡ್ ಒಯ್ಯಿರಿ. ಅರಿವಳಿಕೆ ಕೊಟ್ಟು ನೋಡಬೇಕಾಗಬಹುದು, ಹಾಲು ಎಷ್ಟು ಹೊತ್ತು ನಿಲ್ಲಿಸಬೇಕೆಂದು ಅವರನ್ನೇ ಕೇಳಿ. ಏನಂದರು ಅಂತ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.