ಹದಿಮೂರು ವರ್ಷವಾದರೂ ತೇಗ ದಪ್ಪವಾಗುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ (ಕುಷ್ಟಗಿ ತಾಲ್ಲೂಕಿನ ರೈತ): ನಮಸ್ಕಾರ ಸರ್. ಒಂದು ಎಕರೆ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ನಮ್ಮ ತಂದೆಯವರು ಎರಡೆರಡು ಮೀಟರ್ ಅಂತರದಲ್ಲಿ ಸಾವಿರ ತೇಗದ ಸಸಿ ನೆಟ್ಟಿದ್ದರು. ಈಗ 850 ಉಳಿದಿವೆ. ಮೊದಲ ನಾಲ್ಕು ವರ್ಷ ಹನಿ ನೀರು ಕೊಟ್ಟೆವು, ಆಮೇಲೆ ಕೊಳವೆಬಾವಿ ಬತ್ತಿತು. ಎದೆಮಟ್ಟದಲ್ಲಿ ಸುತ್ತಳತೆ 14 ಇಂಚು, ಮೂರು ವರ್ಷದಿಂದ ಅಷ್ಟಕ್ಕೇ ನಿಂತಿದೆ. ಬದುವಿನ ಸಾಲು ಮಾತ್ರ 24 ಇಂಚು ಬಂದಿದೆ. ಕಟ್ಟಿಗೆ ಅಡ್ಡೆಯವರು ನೋಡಿ ಗಳದ (ಸಣ್ಣ ಕಂಬದ) ಬೆಲೆ ಹೇಳಿ ಹೋದರು. ಸಸಿ ಮಾರಿದವರು ಹದಿನೈದು ವರ್ಷಕ್ಕೆ ಮರಕ್ಕೆ ಹತ್ತಾರು ಸಾವಿರ ರೂಪಾಯಿ ಎಂದಿದ್ದರು. ಗೊಬ್ಬರ ಹಾಕಿದರೆ ದಪ್ಪವಾಗುತ್ತವೆಯೇ?

ಉತ್ತರ (ನಿವೃತ್ತ ಅರಣ್ಯ ಸಂಶೋಧಕ): ತಮ್ಮಾ, ಗೊಬ್ಬರದ ದುಡ್ಡು ಉಳಿಸಿಕೊಳ್ಳಿ. ನಿಮ್ಮ ಬದುವಿನ ಸಾಲನ್ನೇ ಇನ್ನೊಮ್ಮೆ ನೋಡಿ. ಅದೇ ಮಣ್ಣು, ಅದೇ ಮಳೆ, ಅದೇ ವಯಸ್ಸು. ಆ ಸಾಲಿಗೆ ಒಂದು ಮಗ್ಗುಲು ಬಯಲಾಗಿದೆ, ಬೇರಿಗೂ ತಲೆಗೂ ಜಾಗ ಸಿಕ್ಕಿದೆ, ಅಷ್ಟೇ ವ್ಯತ್ಯಾಸ. ಕಟ್ಟಿಗೆಯ ಪ್ರಮಾಣ ಸುತ್ತಳತೆಯ ವರ್ಗದಂತೆ ಏರುತ್ತದೆ. ಉದ್ದ ಒಂದೇ ಎಂದು ಹಿಡಿದರೂ ಬದುವಿನ ಮರದಲ್ಲಿ ಒಳಗಿನ ಮರಕ್ಕಿಂತ ಸುಮಾರು ಮೂರು ಪಟ್ಟು ಕಟ್ಟಿಗೆ ಇದೆ.

ದಾಂಡೇಲಿಯ ಕಾಡಿನ ಮಳೆ ಎಲ್ಲಿ, ಕುಷ್ಟಗಿಯ ಮಳೆ ಎಲ್ಲಿ! ಬೀಳುವ ಅಷ್ಟಿಷ್ಟು ನೀರನ್ನು 850 ಗಿಡಗಳು ಹಂಚಿಕೊಂಡರೆ ಯಾವುದಕ್ಕೂ ಹೊಟ್ಟೆ ತುಂಬುವುದಿಲ್ಲ. ಎರಡು ಮೀಟರ್ ಎನ್ನುವುದು ಸಸಿ ನೆಟ್ಟಗೆ ಮೇಲೇಳಲಿ ಎಂದು ಕೊಡುವ ಅಂತರ, ಕೊನೆತನಕ ಉಳಿಸಿಕೊಳ್ಳುವುದಕ್ಕಲ್ಲ. ನೆಡುತೋಪುಗಳಲ್ಲಿ ನಾಲ್ಕೈದನೇ ವರ್ಷಕ್ಕೊಮ್ಮೆ, ಎಂಟು-ಹತ್ತನೇ ವರ್ಷಕ್ಕೆ ಮತ್ತೊಮ್ಮೆ ಗಿಡ ವಿರಳ ಮಾಡುವುದು ರೂಢಿ. ನಿಮ್ಮಲ್ಲಿ ಎರಡೂ ಆಗಿಲ್ಲ. ಸಸಿ ಮಾರಿದವರು ಇದನ್ನು ಹೇಳದೆ ಬೆಲೆಯನ್ನಷ್ಟೇ ಹೇಳಿ ಹೋದದ್ದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಮಳೆ ಚೆನ್ನಾಗಿರುವ ಸರ್ಕಾರಿ ನೆಡುತೋಪುಗಳಲ್ಲೇ ತೇಗವನ್ನು ಐವತ್ತು, ಅರವತ್ತು ವರ್ಷ ಬೆಳೆಸುತ್ತಾರೆ.

ಈಗ ಮಾಡಬೇಕಾದದ್ದು: ಎಲೆ ಇರುವಾಗಲೇ ತೋಪಿನೊಳಗೆ ನಡೆದು, ಬಾಗಿದ, ಕವಲೊಡೆದ, ಪಕ್ಕದವುಗಳ ನೆರಳಿಗೆ ಸಿಕ್ಕಿ ಕುಗ್ಗಿದ ಗಿಡಗಳಿಗೆ ಸುಣ್ಣದ ಗುರುತು ಹಾಕಿ. ಎಲೆ ಉದುರಿದ ಮೇಲೆ ಕಡಿಯಿರಿ. ಈ ಸಲ ಮೂರರಲ್ಲಿ ಒಂದು ಸಾಕು. ಒತ್ತೊತ್ತಾಗಿ ಬೆಳೆದ ಸಣಕಲು ಗಿಡಗಳಿಗೆ ಒಮ್ಮೆಗೇ ಬಯಲು ಕೊಟ್ಟರೆ ಗಾಳಿಗೆ ಬಾಗುತ್ತವೆ. ಎರಡು ಮೂರು ವರ್ಷ ಬಿಟ್ಟು ಇನ್ನೊಂದು ಸುತ್ತು. ಕಡಿದ ಬುಡಗಳು ಚಿಗುರುತ್ತವೆ. ಆ ಚಿಗುರನ್ನು ಮುರಿಯುತ್ತಲೇ ಇರಿ, ಇಲ್ಲದಿದ್ದರೆ ಉಳಿಸಿದ ನೀರನ್ನು ಅವೇ ಕುಡಿಯುತ್ತವೆ.

ಸ್ವಂತ ಹೊಲದ ತೇಗವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಕಡಿಯಲು ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. ಪಹಣಿ ಹಿಡಿದು ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮೊದಲು ಹೋಗಿ ಬನ್ನಿ.

ಪ್ರಶ್ನೆ (ಗಂಗಾವತಿಯ ಬಡಗಿ): ನೀರು ಕೊಟ್ಟು ಬೇಗ ಬೆಳೆಸಿದ ತೇಗ ಮೆದು, ಹುಳ ಹಿಡಿಯುತ್ತದೆ. ನಾನು ಕೈಯಾರೆ ಕೊಯ್ದು ನೋಡಿದ್ದೇನೆ. ಇವರ ಮರವೂ ಹಾಗೇ ಆಗುವುದಿಲ್ಲವೇ?

ಉತ್ತರ: ನೀವು ಕಂಡದ್ದು ನಿಜ, ಆದರೆ ತಪ್ಪು ನೀರಿನದಲ್ಲ, ಎಳೆತನದ್ದು. ತೇಗದ ಅಡ್ಡಕೊಯ್ತವನ್ನು ನುಣ್ಣಗೆ ಮಾಡಿ ನೋಡಿ. ಪ್ರತಿ ವರ್ಷದ ಉಂಗುರವೂ ದೊಡ್ಡ ರಂಧ್ರಗಳ ಒಂದು ಸಾಲಿನಿಂದ ಶುರುವಾಗುತ್ತದೆ, ಅದರಾಚೆ ಗಟ್ಟಿ ಕಟ್ಟಿಗೆ ಕೂಡುತ್ತದೆ. ಉಂಗುರ ಅಗಲವಾದಾಗ ಹೆಚ್ಚುವುದು ಬಹುಪಾಲು ಆ ಗಟ್ಟಿ ಭಾಗವೇ. ಹಾಗಾಗಿ ಬೇಗ ದಪ್ಪವಾದ ತೇಗವೆಲ್ಲ ಹಗುರ ಎನ್ನಲಾಗದು. ಗೆದ್ದಲನ್ನು ತಡೆಯುವ ಸತ್ವ ಇರುವುದು ಚೇಗಿನಲ್ಲಿ, ಅಂದರೆ ಮರದ ನಡುವಿನ ಬಲಿತ ಕಟ್ಟಿಗೆಯಲ್ಲಿ, ಸುತ್ತಲಿನ ಬಿಳಿ ಕಟ್ಟಿಗೆಯಲ್ಲಿ ಅಲ್ಲ. ಹದಿಮೂರು ವರ್ಷದ ಮರದಲ್ಲಿ ಬಿಳಿ ಕಟ್ಟಿಗೆಯ ಪಾಲು ದೊಡ್ಡದು. ಅದನ್ನು ಬಾಗಿಲ ಚೌಕಟ್ಟಿಗೆ ಹಾಕಿದರೆ ಹುಳ ಬರದೆ ಇನ್ನೇನು? ಚೇಗು ಬಲಿಯುವವರೆಗೆ ಮರ ನಿಲ್ಲಬೇಕು. ಪಕ್ಕದ ಕೊಂಬೆಗಳನ್ನು ಹೆಬ್ಬೆರಳಿನ ದಪ್ಪ ಇರುವಾಗಲೇ ಕಾಂಡಕ್ಕೆ ಹತ್ತಿರವಾಗಿ ಗರಗಸದಿಂದ ತೆಗೆದರೆ ಹಲಗೆಯಲ್ಲಿ ಗಂಟು ಬರುವುದೂ ಕಡಿಮೆ.

ಪ್ರಶ್ನೆ (ಮಾನ್ವಿಯ ರೈತ ಮಹಿಳೆ): ಕಾಲುವೆ ನೀರಿನ ಭತ್ತದ ಗದ್ದೆ, ಎರೆ ಭೂಮಿ. ಬದುವಿನ ತೇಗ ತುದಿಯಿಂದ ಒಣಗುತ್ತಿದೆ ಸರ್.

ಉತ್ತರ: ಅಕ್ಕನವರೇ, ಅಲ್ಲಿ ನೀರು ಜಾಸ್ತಿಯಾಗಿದೆ. ತಿಂಗಳುಗಟ್ಟಲೆ ನೀರು ನಿಂತ ಎರೆಯಲ್ಲಿ ತೇಗದ ಬೇರಿಗೆ ಉಸಿರಿಲ್ಲ, ಮಣ್ಣಿಗೆ ಉಪ್ಪು ಏರಿದ್ದರೆ ಇನ್ನೂ ಕಷ್ಟ. ಬಸಿಗಾಲುವೆ ತೆಗೆಯಲು ಸಾಧ್ಯವಿದ್ದರೆ ಮೊದಲು ಅದನ್ನು ಮಾಡಿ. ಒಣಗಿದವುಗಳ ಜಾಗಕ್ಕೆ ಹೊಂಗೆ ಅಥವಾ ಕರಿಜಾಲಿ ಹಾಕಿ, ಅವು ತಾಳಿಕೊಳ್ಳುತ್ತವೆ.

ಪ್ರಶ್ನೆ (ಸಂಡೂರು): ನೀರೇ ಇಲ್ಲದ ಕಲ್ಲು ಹೊಲಕ್ಕೆ?

ಉತ್ತರ: ಬೇವು ಮತ್ತು ಕಮರ. ನಮ್ಮ ಸೀಮೆಯ ಕಮರವನ್ನು ಎಲ್ಲರೂ ಮರೆತಿರುವುದು ನನಗೆ ನೋವು. ದೇಶದ ಅತಿ ಭಾರದ ಕಟ್ಟಿಗೆಗಳಲ್ಲಿ ಅದೂ ಒಂದು. ಎಲೆ ದನಗಳಿಗೆ ಮೇವು, ಬೇರು ಬಹಳ ಆಳಕ್ಕೆ ಇಳಿಯುತ್ತದೆ. ಬೆಳವಣಿಗೆ ಮಾತ್ರ ನಿಧಾನ.

ಪ್ರಶ್ನೆ (ಕುಷ್ಟಗಿ): ತಂದೆಯವರು ಒಂದು ಗಿಡವನ್ನೂ ಕಡಿಯಬೇಡ ಎನ್ನುತ್ತಾರೆ ಸರ್. ಹೇಗೆ ಒಪ್ಪಿಸಲಿ? ಮತ್ತೆ ಅಡ್ಡೆಯವರ ಅಳತೆ ಸರಿಯೇ?

ಉತ್ತರ: ಅವರನ್ನು ಬದುವಿಗೆ ಕರೆದುಕೊಂಡು ಹೋಗಿ, ಟೇಪನ್ನು ಅವರ ಕೈಗೇ ಕೊಡಿ. ಸಸಿಗೆ ಕೊಡದಲ್ಲಿ ನೀರು ಹೊತ್ತವರಿಗೆ ಕರುಳು ಮಿಡಿಯುವುದು ಸಹಜ. ಮೊದಲು ಕಾಲು ಎಕರೆಯಲ್ಲಿ ಮಾತ್ರ ಮಾಡಿ ತೋರಿಸಿ. ಅಡ್ಡೆಯವರು ಸುತ್ತಳತೆಯ ಕಾಲು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುತ್ತಾರೆ. ಆ ಲೆಕ್ಕವೇ ದುಂಡು ದಿಮ್ಮಿಯ ನಿಜ ಗಾತ್ರಕ್ಕಿಂತ ಶೇ 21ರಷ್ಟು ಕಡಿಮೆ ತೋರಿಸುತ್ತದೆ. ಅದರ ಮೇಲೆ ಇನ್ನೂ ಕಳೆಯಲು ಬಂದರೆ ಯಾತಕ್ಕೆಂದು ಕೇಳಿ.

ಕಾಲು ಎಕರೆಯಲ್ಲಿ ಉಳಿಸಿದ ಇಪ್ಪತ್ತೈದು ಮರಗಳಿಗೆ, ಮುಟ್ಟದ ಭಾಗದ ಇಪ್ಪತ್ತೈದಕ್ಕೆ, ನೆಲದಿಂದ ನಾಲ್ಕೂವರೆ ಅಡಿಗೆ ಬಣ್ಣದ ಗೆರೆ ಎಳೆದು ಸುತ್ತಳತೆ ಬರೆದಿಡಿ. ಮುಂದಿನ ವರ್ಷ ಅದೇ ತಿಂಗಳು, ಅದೇ ಗೆರೆಯ ಮೇಲೆ ಟೇಪ್ ಹಿಡಿದು, ಎರಡೂ ಪಟ್ಟಿಗಳನ್ನು ಇಲ್ಲಿಯೇ ಹಾಕಿ.