ಬಿಲ, ಗುದ್ದು, ಹುತ್ತ, ಪೊಟರೆ: ಯಾವುದು ಎಲ್ಲಿ?

ಪ್ರಶ್ನೆ: ಭತ್ತದ ಕೈಪಿಡಿಯೊಂದರಲ್ಲಿ ‘ಬದುವಿನ ಬಿಲಗಳನ್ನು ಮುಚ್ಚಿ’ ಎಂದಷ್ಟೇ ಇದೆ. ಏಡಿಯದ್ದೂ ಬಿಲವೇ? ಗುದ್ದು ಎಂದರೆ ಬೇರೆಯೇ? ಹುತ್ತ, ಪೊಟರೆಗಳೂ ಇದೇ ಸಾಲಿಗೆ ಸೇರುತ್ತವೆಯೇ?

ಉತ್ತರ: ನೆಲದಲ್ಲಿ ಪ್ರಾಣಿ ತೋಡಿದ್ದೆಲ್ಲ ಬಿಲವೇ. ಗುದ್ದು ಅದಕ್ಕೇ ಆಡುಮಾತಿನ ಹೆಸರು. ಇಲಿಗುದ್ದು, ಏಡಿಗುದ್ದು ಎರಡೂ ಸರಿ. ಹುತ್ತ ಬೇರೆ. ಅದು ಗೆದ್ದಲು ಕಟ್ಟಿದ್ದು, ಹಾವು ಅಲ್ಲಿ ಹೊಕ್ಕು ಕೂರುತ್ತದೆ ಅಷ್ಟೆ. ಪೊಟರೆ ಮರದ್ದು.

ಆದರೆ ಆ ಕೈಪಿಡಿಯ ತೊಡಕು ಬಿಲ ಎಂಬ ಪದದಲ್ಲಿಲ್ಲ, ಯಾರ ಬಿಲ ಎಂದು ಹೇಳದಿರುವುದರಲ್ಲಿದೆ. ಏಕೆಂದರೆ ಮುಚ್ಚುವ ಕ್ರಮ ಒಂದೇ ಅಲ್ಲ.

ಹೆಗ್ಗಣದ ಬಿಲವಾದರೆ ಬಾಯಿಯ ಬಳಿ ಸಡಿಲ ಮಣ್ಣಿನ ಗುಡ್ಡೆ ಇರುತ್ತದೆ. ಎಷ್ಟೋ ಸಲ ಬಾಯಿಯೇ ಆ ಮಣ್ಣಿನಡಿ ಮುಚ್ಚಿಹೋಗಿರುತ್ತದೆ. ಒಳಗೆ ಕವಲೊಡೆದ ಸುರಂಗ, ಮರಿಗೊಂದು ಕೋಣೆ, ಕತ್ತರಿಸಿ ತಂದ ತೆನೆಗೆ ಇನ್ನೊಂದು. ಗದ್ದೆಯ ಚಿಕ್ಕ ಇಲಿಯ ಬಾಯಿ ಎರಡು ಮೂರು ಸೆಂಟಿಮೀಟರ್ ಅಗಲ, ಮುಂದೆ ಒಂದಿಷ್ಟು ಪುಡಿಮಣ್ಣು. ಏಡಿಯದ್ದರ ಸುತ್ತ ಹಸಿ ಕೆಸರಿನ ಉಂಡೆಗಳು. ಸುರಂಗ ನೀರಿನ ಕಡೆಗೆ ಇಳಿಯುತ್ತದೆ. ಗದ್ದೆಯ ನೀರು ಸೋರುವುದು ಇದರಿಂದಲೇ ಹೆಚ್ಚು.

ಏಡಿಯ ಬಿಲಕ್ಕೆ ಮೇಲೊಂದು ಹೆಂಟೆ ಒತ್ತಿದರೆ ಏನೂ ಆಗದು. ಒಳದಾರಿ ತೆರೆದೇ ಇರುತ್ತದೆ, ನೀರು ಮತ್ತೆ ಸೋರುತ್ತದೆ. ಸುರಂಗದ ಗುಂಟ ಅಗೆದು, ಜಿಗುಟು ಮಣ್ಣನ್ನು ಪದರಪದರವಾಗಿ ತುಳಿದು ತುಂಬಬೇಕು. ಇಲಿಯದ್ದಾದರೆ ಮುಚ್ಚುವುದು ಮೊದಲಿಗೆ ಪರೀಕ್ಷೆಗೆ ಮಾತ್ರ: ಸಂಜೆ ಎಲ್ಲ ಬಾಯಿಗಳನ್ನೂ ಮಣ್ಣಿನಿಂದ ಮುಚ್ಚಿ, ಬೆಳಗ್ಗೆ ಯಾವುದು ತೆರೆದಿದೆಯೋ ಅದೇ ವಾಸದ ಬಿಲ. ವಿಷದ ತಿಂಡಿ ಅಲ್ಲಿಗೆ ಮಾತ್ರ. ಈ ಹಂತ ಬಿಟ್ಟರೆ ಪಾಳು ಬಿಲಕ್ಕೆ ಮದ್ದು ಹಾಕಿದಂತಾಗುತ್ತದೆ. ಬದು 30 ಸೆಂಟಿಮೀಟರಿಗಿಂತ ಕಿರಿದಾಗಿದ್ದರೆ ಹೆಗ್ಗಣಕ್ಕೆ ಕೋಣೆ ತೋಡಲು ಜಾಗವೇ ಸಾಲದು. ಕೈಪಿಡಿಯಲ್ಲಿ ಇದನ್ನೂ ಸೇರಿಸುವುದು ಒಳ್ಳೆಯದು.

ಕಾಡಂಚಿನ ಗದ್ದೆಯಲ್ಲಿ ದೊಡ್ಡ ಬಾಯಿ ಕಂಡರೆ ಸುತ್ತ ನೋಡಿ. ಕಡಿದ ಮೂಳೆ, ಉದುರಿದ ಮುಳ್ಳು ಇದ್ದರೆ ಮುಳ್ಳುಹಂದಿ. ಚಿಪ್ಪುಹಂದಿಯಾದರೆ ಒಳಹೊಕ್ಕ ಮೇಲೆ ಬಾಯಿಗೆ ಮಣ್ಣು ಮುಚ್ಚಿಕೊಂಡಿರುತ್ತದೆ. ಇವೆರಡನ್ನೂ ಮುಟ್ಟುವಂತಿಲ್ಲ, ಕಾನೂನಿನ ರಕ್ಷಣೆಯಿದೆ.

ಹಾಗಾಗಿ ವಾಕ್ಯವನ್ನು ‘ಏಡಿಗುದ್ದುಗಳನ್ನು ಅಗೆದು ತುಂಬಿ, ಇಲಿಬಿಲಗಳನ್ನು ಸಂಜೆ ಮುಚ್ಚಿ, ಬೆಳಗ್ಗೆ ನೋಡಿ’ ಎಂದು ಬಿಡಿಸಿ ಬರೆಯಿರಿ.