ಜಿಪಿಎಸ್ ಟ್ರ್ಯಾಕರ್ ಹಾಕಿಸಿದರೆ ಕಾರಿನ ವಿಮೆಯಲ್ಲಿ ನಿಜಕ್ಕೂ ಎಷ್ಟು ಉಳಿಯುತ್ತದೆ?

ಕಾಳಿದಂಡೆ (ಪ್ರಶ್ನೆ)

ಕಾರವಾರದಲ್ಲಿರುವ ಕೆಎ-30 ನೋಂದಣಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1197 ಸಿಸಿ, ನಾಲ್ಕನೇ ವರ್ಷ ನಡೆಯುತ್ತಿದೆ. ರಾತ್ರಿ ರಸ್ತೆ ಬದಿಗೇ ನಿಲ್ಲುತ್ತದೆ. ಮುಂದಿನ ತಿಂಗಳು ಪಾಲಿಸಿ ನವೀಕರಣ. ಟ್ರ್ಯಾಕರ್ ಮಾರುವವರು ‘ಇದನ್ನು ಹಾಕಿಸಿದರೆ ಇನ್ಶೂರೆನ್ಸ್ ಇಳಿಯುತ್ತದೆ, ಎರಡು ವರ್ಷದಲ್ಲಿ ದುಡ್ಡು ವಾಪಸ್’ ಅನ್ನುತ್ತಾರೆ. ಸಾಧನಕ್ಕೆ 4,500 ರೂ., ಎರಡನೇ ವರ್ಷದಿಂದ ಸಿಮ್ ಮತ್ತು ಆ್ಯಪ್‌ಗೆ ವರ್ಷಕ್ಕೆ 1,200. ಈ ಲೆಕ್ಕ ಹೊಂದುತ್ತದೆಯೇ? ಮಾಜಾಳಿ ದಾಟಿ ಗೋವಾಕ್ಕೆ ಹೋದರೆ, ಅಥವಾ ಘಟ್ಟ ಹತ್ತಿದರೆ ಸಿಗ್ನಲ್ ಬರುತ್ತದೆಯೇ?

ಪಾಲಿಸಿ_ಕುಮಟಾ

ಹೊಂದುವುದಿಲ್ಲ. ಕಳ್ಳತನ ತಡೆ ಸಾಧನಕ್ಕೆ ಮೋಟಾರ್ ಟ್ಯಾರಿಫ್‌ನಲ್ಲಿರುವ (ವಾಹನ ವಿಮೆಯ ದರಪಟ್ಟಿ) ರಿಯಾಯಿತಿ ಓನ್ ಡ್ಯಾಮೇಜ್ (ನಿಮ್ಮ ಕಾರಿನದೇ ಹಾನಿ, ಕಳ್ಳತನದ ಭಾಗ) ಪ್ರೀಮಿಯಂನ ಶೇ 2.5, ಅದೂ ಖಾಸಗಿ ಕಾರಿಗೆ ಗರಿಷ್ಠ 500 ರೂ. ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಯ) ಭಾಗಕ್ಕೆ ಇದು ತಾಗುವುದೇ ಇಲ್ಲ. ನಿಮ್ಮ ಸಿಸಿಗೆ 2022ರ ಜೂನ್‌ನಲ್ಲಿ ಬಂದ ಥರ್ಡ್ ಪಾರ್ಟಿ ದರ 3,416 ರೂ., ಅದರಲ್ಲಿ ಚೌಕಾಸಿಗೆ ಜಾಗವಿಲ್ಲ. ಉಳಿದ ಓನ್ ಡ್ಯಾಮೇಜ್ 8,000 ಎಂದಿಟ್ಟುಕೊಂಡರೆ ಉಳಿತಾಯ 200 ರೂ., ಜಿಎಸ್‌ಟಿ ಸೇರಿಸಿದರೂ 236. ಪೂರ್ತಿ 500 ಸಿಗಬೇಕಾದರೆ ಓನ್ ಡ್ಯಾಮೇಜ್ ಒಂದೇ 20,000 ಇರಬೇಕು. ನಿಮ್ಮ ಕಾರಿಗೆ ಸಿಮ್ಮಿನ ವಾರ್ಷಿಕ ಶುಲ್ಕವೂ ಹುಟ್ಟುವುದಿಲ್ಲ.

ಅಷ್ಟು ಸಿಗಬೇಕೆಂದರೂ ಸಾಧನಕ್ಕೆ ವಾಹನ ಪರೀಕ್ಷಾ ಸಂಸ್ಥೆಯಾದ ಪುಣೆಯ ಎಆರ್‌ಎಐ ಅನುಮೋದನೆ ಇರಬೇಕು, ಅಳವಡಿಕೆಯನ್ನು ಮಾನ್ಯತೆ ಪಡೆದ ಆಟೊಮೊಬೈಲ್ ಅಸೋಸಿಯೇಷನ್ ಪ್ರಮಾಣೀಕರಿಸಬೇಕು. ಆನ್‌ಲೈನಿನಲ್ಲಿ ತರಿಸಿದ ಹೆಸರಿಲ್ಲದ ಚೀನಾ ಪೆಟ್ಟಿಗೆಗೆ ಈ ಕಾಗದ ಬರುವುದಿಲ್ಲ. ಮಾರುವವರು ‘ಎಐಎಸ್-140 ಸರ್ಟಿಫಿಕೇಟ್ ಇದೆ’ ಎಂದರೆ ಮರುಳಾಗಬೇಡಿ. ಅದು ಹಳದಿ ಬೋರ್ಡಿನ ಸಾರ್ವಜನಿಕ ಸೇವಾ ವಾಹನಗಳಿಗೆ ಕಡ್ಡಾಯ ಮಾಡಿದ ಮಾನದಂಡ. ಅದರಿಂದಲೇ ರಿಯಾಯಿತಿ ಸಿಗುತ್ತದೆ ಎಂದರೆ, ವಿಮಾ ಕಂಪನಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. 2007ರಿಂದ ಓನ್ ಡ್ಯಾಮೇಜ್ ದರ ಆಯಾ ಕಂಪನಿಯ ಕೈಯಲ್ಲಿದೆ, ಹಾಗಾಗಿ ಒಂದು ಕೊಡುವುದನ್ನು ಇನ್ನೊಂದು ಕೊಡಲೇಬೇಕೆಂದಿಲ್ಲ.

ಒಂದು ಎಚ್ಚರಿಕೆ. ಆನ್‌ಲೈನ್ ನವೀಕರಣದಲ್ಲಿ ‘ಆ್ಯಂಟಿ ಥೆಫ್ಟ್ ಸಾಧನ ಇದೆಯೇ’ ಅಂತ ಒಂದು ಚೌಕ ಬರುತ್ತದೆ. ಕಾಗದ ಕೈಯಲ್ಲಿಲ್ಲದೆ ಅದಕ್ಕೆ ಗುರುತು ಹಾಕಬೇಡಿ. ರಿಯಾಯಿತಿ ತೆಗೆದುಕೊಂಡರೆ ಐಎಂಟಿ-10 ಎಂಬ ಷರತ್ತು ಪಾಲಿಸಿಗೆ ಅಂಟುತ್ತದೆ: ಅವಧಿ ಮುಗಿಯುವವರೆಗೂ ಸಾಧನ ಸುಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವ ಹೊಣೆ ನಿಮ್ಮದು. ರೀಚಾರ್ಜ್ ಮಾಡದೆ ಸಿಮ್ ಸತ್ತು, ಆಮೇಲೆ ಕಾರು ಹೋದರೆ, 200 ರೂಪಾಯಿಗಾಗಿ ಲಕ್ಷಗಟ್ಟಲೆಯ ಕ್ಲೇಮಿಗೆ ನೀವೇ ತಕರಾರು ತಂದಿಟ್ಟ ಹಾಗೆ.

ಪ್ರೀಮಿಯಂ ಇಳಿಸುವುದೇ ಉದ್ದೇಶವಾದರೆ ಬೇರೆ ದಾರಿಗಳಿವೆ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಕ್ಕೆ ಸಿಗುವ ರಿಯಾಯಿತಿ) ಕಾಪಾಡಿಕೊಳ್ಳಿ. ಮೊದಲ ವರ್ಷ ಶೇ 20, ಆಮೇಲೆ 25, 35, 45, 50ರವರೆಗೆ ಏರುತ್ತದೆ. ಬಂಪರ್ ಗೀರಿಗೆಲ್ಲ ಕ್ಲೇಮ್ ಹಾಕಿ ಅದನ್ನು ಕಳೆದುಕೊಳ್ಳಬಾರದು. ಕಾರು ಹೆಚ್ಚು ಓಡದಿದ್ದರೆ, ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2022ರ ಜುಲೈನಲ್ಲಿ ಅನುಮತಿ ಕೊಟ್ಟ, ಓಡಿದ ಕಿಲೋಮೀಟರ್‌ಗೆ ತಕ್ಕಂತೆ ಪ್ರೀಮಿಯಂ ಕಟ್ಟುವ ಆ್ಯಡ್-ಆನ್ ಕೇಳಿ ನೋಡಿ.

ವೈರಿಂಗ್_ಶಿರಸಿ

ರಿಯಾಯಿತಿ ಬಿಡಿ, ಹೋದ ಕಾರು ಸಿಗಬೇಕು ಅನ್ನುವುದಕ್ಕೆ ಟ್ರ್ಯಾಕರ್ ಹಾಕಿಸಿ. ಹಾಕಿಸುವುದಾದರೆ ಸರಿಯಾಗಿ ಹಾಕಿಸಿ.

ಮೊದಲು ಸಿಗ್ನಲ್ ಪ್ರಶ್ನೆ. ಜಾಗ ಗುರುತಿಸಲು ಸಾಧನಕ್ಕೆ ಉಪಗ್ರಹ ಸಾಕು, ಆ ಜಾಗ ನಿಮ್ಮ ಫೋನಿಗೆ ತಲುಪಲು ಮಾತ್ರ ಮೊಬೈಲ್ ನೆಟ್‌ವರ್ಕ್ ಬೇಕು. ಗೋವಾ ಗಡಿ ದಾಟಿದರೆ ತೊಂದರೆ ಇಲ್ಲ, ಸಿಮ್ ಅಲ್ಲಿಯೂ ನಡೆಯುತ್ತದೆ. ತೊಂದರೆ ಇರುವುದು ದೇವಿಮನೆ, ಅಣಶಿ, ಅರಬೈಲ್ ಘಟ್ಟದ ತಿರುವುಗಳಲ್ಲಿ. ಅಲ್ಲಿ ನೆಟ್‌ವರ್ಕ್ ಸತ್ತಾಗ ಬಿಂದುಗಳನ್ನು ಒಳಗೇ ಸಂಗ್ರಹಿಸಿಟ್ಟು, ಮತ್ತೆ ಸಿಕ್ಕಾಗ ಒಟ್ಟಿಗೆ ಕಳಿಸುವ ಸಾಧನವೇ ಬೇಕು. ಕೊಳ್ಳುವ ಮೊದಲು ಇದನ್ನು ಕೇಳಿ. 2ಜಿ ಮಾತ್ರ ಇರುವ ಅಗ್ಗದ ಪೆಟ್ಟಿಗೆ ಬೇಡ: ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಉಳಿದವರದೂ ಎಷ್ಟು ದಿನವೋ. 4ಜಿ ಸಾಧನ, ಯಂತ್ರಗಳಿಗೆಂದೇ ಕೊಡುವ 13 ಅಂಕಿಯ ಎಂ2ಎಂ ಸಿಮ್, ಸಾಧ್ಯವಾದರೆ ಎರಡು ಕಂಪನಿಗಳ ಜಾಲ ಹಿಡಿಯುವಂಥದ್ದು ತೆಗೆದುಕೊಳ್ಳಿ.

ಒಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಕಾರಿನ ದೋಷ ನೋಡಲು ಬಳಸುವ ಕಿಂಡಿ) ಚುಚ್ಚುವ ಟ್ರ್ಯಾಕರ್ ಕಳ್ಳತನಕ್ಕೆ ಉಪಯೋಗವಿಲ್ಲ. ಕಳ್ಳ ಹೊಸ ಕೀ ಪ್ರೋಗ್ರಾಂ ಮಾಡಲು ಕೈ ಹಾಕುವುದೇ ಅದೇ ಪೋರ್ಟಿಗೆ, ಮೊದಲು ಕೀಳುವುದೂ ಅದನ್ನೇ. ವೈರ್ ಮಾಡುವ ಮಾದರಿಯೇ ಸರಿ. ಯಾವಾಗಲೂ 12 ವೋಲ್ಟ್ ಇರುವ ಲೈನ್, ಇಗ್ನಿಷನ್ ಲೈನ್, ಅರ್ಥ್ ಹೀಗೆ ಮೂರು ಬೇಕು. ಮೂಲ ವೈರ್ ಸಿಪ್ಪೆ ಸುಲಿದು ಸುತ್ತಲು ಬಿಡಬೇಡಿ, ವಾರಂಟಿ ಹೋಗುವುದು ಅಲ್ಲಿಯೇ. ಫ್ಯೂಸ್ ಬಾಕ್ಸಿನಿಂದ ಫ್ಯೂಸ್ ಟ್ಯಾಪ್ ಹಾಕಿ, 2 ಆ್ಯಂಪ್ ಪ್ರತ್ಯೇಕ ಫ್ಯೂಸ್ ಇಟ್ಟು ತೆಗೆಸಿ. ಕರಾವಳಿಯ ಉಪ್ಪು ಗಾಳಿಗೆ ಅರ್ಥ್ ಬೋಲ್ಟಿಗೆ ತುಕ್ಕು ಹಿಡಿದು ಸಾಧನ ಆಗಾಗ ‘ಆಫ್‌ಲೈನ್’ ತೋರಿಸುವುದು ಸಾಮಾನ್ಯ. ಬಣ್ಣ ಕೆರೆದು, ರಿಂಗ್ ಟರ್ಮಿನಲ್ ಬಿಗಿದು, ಮೇಲೆ ಗ್ರೀಸ್ ಬಳಿಸಿ. ಜೋಡಣೆಗೆಲ್ಲ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ, ಬರೀ ಇನ್ಸುಲೇಷನ್ ಟೇಪ್ ಒಂದು ಮಳೆಗಾಲದಲ್ಲಿ ಬಿಚ್ಚಿಕೊಳ್ಳುತ್ತದೆ. ಘಟ್ಟದ ಮೇಲೆ ಇಲಿ ಕಾಟವೂ ಇದೆ, ಬಾನೆಟ್ ಒಳಗೆ ಹಾಯುವ ವೈರಿಗೆ ಗಟ್ಟಿ ಕೊಳವೆ ಬೇಕೇ ಬೇಕು.

ಆ್ಯಂಟೆನಾ ಆಕಾಶಕ್ಕೆ ಮುಖ ಮಾಡಿರಬೇಕು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಅಡಿ ನಡೆಯುತ್ತದೆ, ಲೋಹದ ಪಟ್ಟಿಯ ಅಡಿ ನಡೆಯುವುದಿಲ್ಲ. ಸ್ಟೀರಿಂಗ್ ಕೆಳಗಿನ ಜಾಗ ಎಲ್ಲ ಕಳ್ಳರಿಗೂ ಗೊತ್ತು, ಅಲ್ಲಿ ಬೇಡ.

ಎಂಜಿನ್ ಕಟ್ ರಿಲೇ (ದೂರದಿಂದ ಎಂಜಿನ್ ತಡೆಯುವ ಸ್ವಿಚ್) ಹಾಕಿಸುವುದಾದರೆ ಫ್ಯುಯಲ್ ಪಂಪಿಗಿಂತ ಸ್ಟಾರ್ಟರ್ ಲೈನಿಗೆ ಹಾಕಿಸಿ. ಪಂಪ್ ಕಟ್ಟಾದರೆ ಓಡುತ್ತಿರುವ ಕಾರು ಘಟ್ಟದ ತಿರುವಿನಲ್ಲೇ ಬಂದ್ ಬೀಳುತ್ತದೆ, ಪವರ್ ಸ್ಟೀರಿಂಗ್, ಬ್ರೇಕ್ ಬೂಸ್ಟರ್ ಎರಡೂ ಹೋಗುತ್ತವೆ. ಸ್ಟಾರ್ಟರ್ ಆದರೆ ಕಾರು ನಿಂತ ಮೇಲೆ ಮತ್ತೆ ಶುರುವಾಗುವುದಿಲ್ಲ, ಅಷ್ಟೇ. ರಿಲೇಯ 30 ಮತ್ತು 87ಎ ತುದಿಗಳನ್ನು (ರಿಲೇಗೆ ವಿದ್ಯುತ್ ಇಲ್ಲದಾಗಲೂ ಕೂಡಿಕೊಂಡೇ ಇರುವವು) ಬಳಸಬೇಕು. ಆಗ ಟ್ರ್ಯಾಕರ್ ಕೆಟ್ಟರೂ ಕಾರು ಎಂದಿನಂತೆ ನಡೆಯುತ್ತದೆ. 87ಕ್ಕೆ ಜೋಡಿಸಿದರೆ ಸಾಧನ ಕೆಟ್ಟ ದಿನ ನೀವೇ ದಾರಿಯಲ್ಲಿ ನಿಲ್ಲುತ್ತೀರಿ.

ಕಾಳಿದಂಡೆ

ಉಪಕಾರ. ಕಾರು ಕೆಲವೊಮ್ಮೆ ತಿಂಗಳುಗಟ್ಟಲೆ ನಿಂತಿರುತ್ತದೆ. ಬ್ಯಾಟರಿ ಇಳಿಯುತ್ತದೆಯೇ? ಮತ್ತೆ, ನಿಜಕ್ಕೂ ಕಾರು ಹೋದರೆ ಮೊದಲು ಯಾರಿಗೆ ಹೇಳಬೇಕು?

ಕ್ಲೇಮ್_ಅಂಕೋಲಾ

ಮೊದಲು 112. ಆ್ಯಪಿನಲ್ಲಿ ಕಾರು ಕಾಣುತ್ತಿದೆ ಎಂದು ನೀವೇ ಬೆನ್ನಟ್ಟಬೇಡಿ. ಲೊಕೇಶನ್ ಲಿಂಕನ್ನು ಪೊಲೀಸರಿಗೆ ಕೊಡಿ, ಮಾಜಾಳಿ ಕಡೆಗೋ ಹುಬ್ಬಳ್ಳಿ ಕಡೆಗೋ ಹೋಗುತ್ತಿದೆ ಎಂದು ಅವರಿಗೆ ಗೊತ್ತಾದರೆ ಮುಂದಿನ ನಾಕಾ ಎಚ್ಚರವಾಗುತ್ತದೆ. ಅದೇ ದಿನ ಎಫ್‌ಐಆರ್ ಆಗಬೇಕು. 2024ರ ಜುಲೈ 1ರಿಂದ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 303(2) ಕಲಂ. ವಿಮಾ ಕಂಪನಿಗೂ ಅದೇ ದಿನ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಎಫ್‌ಐಆರ್ ಕೂಡಲೇ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬುದೊಂದೇ ಕಾರಣಕ್ಕೆ ಕ್ಲೇಮ್ ತಳ್ಳುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಹೇಳಿದೆ. ಆದರೂ ಆ ವಾದಕ್ಕೆ ಎಡೆ ಕೊಡುವುದೇಕೆ?

ಎರಡೂ ಕೀಲಿ ಇರಬೇಕು, ಕ್ಲೇಮ್ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಕೀಲಿ ಕಾರಿನಲ್ಲೇ ಬಿಟ್ಟು ಅಂಗಡಿಗೆ ಹೋಗಿದ್ದರೆ ‘ಸೂಕ್ತ ಎಚ್ಚರ ವಹಿಸಿಲ್ಲ’ ಎಂಬ ಆಕ್ಷೇಪ ಬರುತ್ತದೆ. ಕಾರವಾರ ಆರ್‌ಟಿಒಗೆ ಲಿಖಿತ ಮಾಹಿತಿ ಕೊಡಿ. ಆರ್‌ಸಿ, ಫಾರಂ 28, 29, 30, ಸಾಲವಿದ್ದರೆ 35 ಸಿದ್ಧವಿರಲಿ. ಕಾರು ಸಿಗದಿದ್ದರೆ ಪೊಲೀಸರ ‘ಸಿ’ ರಿಪೋರ್ಟ್ (ಪತ್ತೆಯಾಗಿಲ್ಲ ಎಂಬ ವರದಿ) ಕೋರ್ಟಿಗೆ ಹೋಗಿ ಬರುವವರೆಗೆ ಹಣ ಬರುವುದಿಲ್ಲ. ಬರುವುದು ಐಡಿವಿ (ಪಾಲಿಸಿಯಲ್ಲಿ ನಮೂದಾದ ಕಾರಿನ ಮೌಲ್ಯ), ಅದರಲ್ಲಿ 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಮೂರು ವರ್ಷ ದಾಟಿ ನಾಲ್ಕರೊಳಗಿನ ಕಾರಿಗೆ ಸವಕಳಿ ಶೇ 40, ಅಂದರೆ 8 ಲಕ್ಷದ ಕಾರಿಗೆ 4.8 ಲಕ್ಷ. ಪ್ರೀಮಿಯಂ ಕಡಿಮೆ ಕಾಣಲಿ ಎಂದು ಏಜೆಂಟ್ ಐಡಿವಿ ಇನ್ನೂ ಇಳಿಸಿದ್ದಾರೆಯೇ, ನವೀಕರಣದ ದಿನವೇ ನೋಡಿಕೊಳ್ಳಿ.

ಟ್ರ್ಯಾಕರಿನಿಂದ ಕಾರು ಸಿಕ್ಕರೆ ಅದು ಠಾಣೆಯಲ್ಲಿರುತ್ತದೆ. ಬಿಡಿಸಿಕೊಳ್ಳಲು ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬೇಕು. ಬೇಗ ಹಾಕಿ, ಮಳೆಗಾಲದಲ್ಲಿ ಠಾಣೆಯ ಬಯಲಿನಲ್ಲಿ ನಿಂತ ಕಾರು ಹಾಳಾಗಲು ಹೆಚ್ಚು ದಿನ ಬೇಡ.

ವೈರಿಂಗ್_ಶಿರಸಿ

ಬ್ಯಾಟರಿ ವಿಷಯ: ಸ್ಲೀಪ್ ಮೋಡಿನಲ್ಲಿ 10 ಮಿಲಿಆ್ಯಂಪ್ ಎಳೆಯುವ ಸಾಧನ ತಿಂಗಳಿಗೆ 7 ಆ್ಯಂಪ್-ಅವರ್ ತಿನ್ನುತ್ತದೆ. 35 ಆ್ಯಂಪ್-ಅವರ್ ಬ್ಯಾಟರಿ ಒಳ್ಳೆಯ ಸ್ಥಿತಿಯಲ್ಲಿದ್ದರೆ ತಡೆಯುತ್ತದೆ. ಇಗ್ನಿಷನ್ ವೈರ್ ಜೋಡಿಸದೆ ಬಿಟ್ಟರೆ ಸಾಧನ ನಿದ್ದೆಗೇ ಹೋಗದೆ 50 ಮಿಲಿಆ್ಯಂಪ್ ಎಳೆಯಬಹುದು. ತಿಂಗಳಿಗೆ 36, ಬ್ಯಾಟರಿ ಖಾಲಿ. ಹಾಕಿದ ದಿನವೇ ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು, ನೆಗೆಟಿವ್ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಅಳೆಸಿ. ಹಾಕುವ ಮೊದಲಿನ ಅಳತೆಗಿಂತ 10–15 ಮಿಲಿಆ್ಯಂಪ್‌ಗಿಂತ ಹೆಚ್ಚು ಏರಿದ್ದರೆ ಅಲ್ಲೇ ಸರಿ ಮಾಡಿಸಿ, ಆಮೇಲೆ ದುಡ್ಡು ಕೊಡಿ.